ದೊಡ್ಡಪ್ಪ ಕಾಲೇಜು ನೋಡಲು ಬಂದದ್ದು

ಈಗ ನಮ್ಮೂರಿನ ಮಗ್ಗುಲಲ್ಲೇ ವಿಶ್ವವಿದ್ಯಾನಿಲಯ ಇದೆ. ಮಲ್ಲತ್ತಹಳ್ಳಿ ಕೆರೆ ಏರಿ ಮೇಲೆ ನಿಂತು ಗಟ್ಟಿಯಾಗಿ ಕೆಮ್ಮಿದರೆ ಎಂ.ಎ. ಓದುವವರು ತಿರುಗಿ ನೋಡುತ್ತಾರೆ. ಭಾನುವಾರ ಬಂದರೆ ಜನ ಮಕ್ಕಳುಮರಿ ಕಟ್ಟಿಕೊಂಡು ಅದನ್ನು ನೋಡಲು ಬರುತ್ತಾರೆ. ಮರ ನೋಡುತ್ತಾರೆ, ಕಟ್ಟಡ ನೋಡುತ್ತಾರೆ, ನಾಟಕ ಇದ್ದರೆ ನಾಟಕ ನೋಡುತ್ತಾರೆ, ಚುರುಮುರಿ ತಿಂದು ಕಾಗದ ಅಲ್ಲೇ ಬಿಸಾಕಿ ಹೋಗುತ್ತಾರೆ. ನೋಡಲಿ, ಒಳ್ಳೆಯದೇ.

ನಾನು ಓದಿದ್ದು ಐವತ್ತರ ದಶಕದಲ್ಲಿ. ಆಗ ಕಾಲೇಜು ನಮ್ಮನ್ನು ಹುಡುಕಿಕೊಂಡು ಬರುತ್ತಿರಲಿಲ್ಲ. ನಾವೇ ಹೋಗಬೇಕಾಗಿತ್ತು. ಊರಿಂದ ಕೆಂಗೇರಿ ಸ್ಟೇಷನ್ನಿಗೆ ಒಂದೂಕಾಲು ಗಂಟೆ ನಡಿಗೆ, ಅಲ್ಲಿಂದ ರೈಲು, ಪೇಟೆ ಸ್ಟೇಷನ್ನಿನಿಂದ ಮತ್ತೆ ನಡಿಗೆ. ಹೀಗೆ ನಾನು ದಿನಾ ಹೋಗಿ ಬರುತ್ತಿದ್ದೆ. ನಮ್ಮ ಮನೆಯವರಲ್ಲಿ ಆ ಕಾಲೇಜನ್ನು ನೋಡಬೇಕು ಅಂತಲೇ ಹೋದವರು ಒಬ್ಬರೇ, ನಮ್ಮ ದೊಡ್ಡಪ್ಪ. ಅವರು ಸುಮ್ಮನೆ ನೋಡಲು ಹೋದದ್ದಲ್ಲ. ನೋಡಿ ಒಪ್ಪಿಗೆಯಾದರೆ ನಾನು ಬಿ.ಎ. ಕೊನೆಯ ವರ್ಷ ಓದುವುದು, ಇಲ್ಲವಾದರೆ ಆ ಮುಂಗಾರಿಗೇ ಪುಸ್ತಕ ಅಟ್ಟಕ್ಕೆ ಹಾಕಿ ನೇಗಿಲು ಹಿಡಿಯುವುದು ಎಂದು ಜಗಲಿ ಮೇಲೆ ತೀರ್ಮಾನ ಮಾಡಿಕೊಂಡು ಹೋದದ್ದು.

ದೊಡ್ಡಪ್ಪನನ್ನು ನಾನು ದೂರುವುದಿಲ್ಲ. ನಮ್ಮದು ಒಟ್ಟು ಮನೆ, ಯಜಮಾನಿಕೆ ಅವರದ್ದು. ನಮ್ಮಪ್ಪ ಅವರ ಮುಂದೆ ಕುಳಿತು ಮಾತಾಡಿದ್ದನ್ನೇ ನಾನು ಕಂಡಿಲ್ಲ. ಆ ವರ್ಷ ದೊಡ್ಡಪ್ಪನ ಮಗ, ನನಗೆ ಅಣ್ಣನಾಗಬೇಕು, ರಾಜಾಜಿನಗರದ ಹೊಸ ಕಾರ್ಖಾನೆಯೊಂದಕ್ಕೆ ಸೇರಿಕೊಂಡುಬಿಟ್ಟಿದ್ದ. ಸೈರನ್ ಕೂಗಿದಾಗ ಹೋಗಿ ಸೈರನ್ ಕೂಗಿದಾಗ ಬರುವ ಕೆಲಸ. ದುಡಿಯುವ ವಯಸ್ಸಿನ ಇಬ್ಬರು ಗಂಡು ಹುಡುಗರಲ್ಲಿ ಒಬ್ಬ ಕಾರ್ಖಾನೆಗೆ, ಒಬ್ಬ ಕಾಲೇಜಿಗೆ ಹೋದರೆ ಹೊಲಕ್ಕೆ ಎತ್ತುಗಳು ತಾವಾಗೇ ಹೋಗುತ್ತವೆಯೇ?

ನಾನು ಜಗಲಿಯ ಕೆಳಗೆ ನಿಂತು ಇನ್ನೊಂದೇ ವರ್ಷ ಎಂದು ಕೇಳಿಕೊಂಡೆ. ಅಲ್ಲಿ ಏನೈತೆ ಅಂಥಾದ್ದು ಎಂದು ಅವರು ಕೇಳಿದರು. ಅದನ್ನು ಹೇಗೆ ಹೇಳುವುದು? ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲ, ನೋಡಬೇಕು ಅಂದೆ. ಅದು ಸೋಲೊಪ್ಪಿಕೊಂಡು ಆಡಿದ ಮಾತು. ದೊಡ್ಡಪ್ಪ ಅದನ್ನು ಕರೆಯೋಲೆ ಅಂದುಕೊಂಡರು.

"ಸರಿ ಬುಡು," ಅಂದರು. "ಎತ್ತು ತರೋದಾದ್ರೂ ಹಲ್ಲು ನೋಡಿ ತರ್ತೀವಿ. ನಿನ್ನ ಕಾಲೇಜಿಗೂ ಒಂದು ಸಲ ಬಾಯಿ ಬುಡಿಸಿ ನೋಡ್ಬುಡ್ತೀನಿ."

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. ಹಾಳಾದೆಯಲ್ಲೋ ಎಂಬ ನೋಟ.

ಅಂದಿನಿಂದ ನಾಲ್ಕು ದಿನ ನಾನು ಪಾಠ ಕೇಳಲಿಲ್ಲ. ಕಾಲೇಜಿನಲ್ಲಿ ಯಾವ್ಯಾವುದನ್ನು ತೋರಿಸಬೇಕು, ಯಾವುದಾದ ಮೇಲೆ ಯಾವುದು, ಎಲ್ಲಿ ಕೂರಿಸಬೇಕು ಎಂದು ಪಟ್ಟಿ ಮಾಡಿದೆ. ಮೊದಲು ಗಡಿಯಾರದ ಗೋಪುರ. ಆಮೇಲೆ ಮುಂದಿನ ಹುಲ್ಲುಹಾಸು, ಸಸ್ಯಶಾಸ್ತ್ರದವರ ತೋಟ, ಲೈಬ್ರರಿ. ಕೊನೆಗೆ, ನನ್ನ ತುರುಪು ಎಲೆಯಂತೆ, ಇತಿಹಾಸ ವಿಭಾಗದ ಹಿಂದಿನ ಉದ್ದ ಕೋಣೆಯಲ್ಲಿದ್ದ ಪುಟ್ಟ ಮ್ಯೂಸಿಯಂ. ಅದು ಯಾಕೆ ತುರುಪು ಎಂದರೆ, ಅಲ್ಲಿದ್ದ ಒಂದು ವಸ್ತುವಿನ ಮೇಲೆ ಹಿಂದಿನ ವರ್ಷ ನಾನೊಂದು ಪ್ರಬಂಧ ಬರೆದಿದ್ದೆ. ನಮ್ಮ ನಾಡಿನ ಹಳ್ಳಿಗರ ವಾದ್ಯಗಳು ಎಂಬ ವಿಷಯ. ಮ್ಯೂಸಿಯಮ್ಮನ್ನು ನೋಡಿಕೊಳ್ಳುತ್ತಿದ್ದ ಇತಿಹಾಸದ ಮೇಷ್ಟ್ರು ಅದನ್ನು ತರಗತಿಯಲ್ಲಿ ಎಲ್ಲರ ಮುಂದೆ ಓದಿ, ಹಳ್ಳಿಯಿಂದ ಬಂದವನಿಗೆ ಮಾತ್ರ ಹೀಗೆ ಬರೆಯಲು ಸಾಧ್ಯ ಎಂದಿದ್ದರು. ಕೋಟು ಹಾಕಿಕೊಂಡು ಬರುವ ಪೇಟೆ ಹುಡುಗರು ಅಂದು ಮೊದಲ ಸಲ ನನ್ನ ಕಡೆ ತಿರುಗಿದ್ದರು. ಮೇಷ್ಟ್ರು ಆ ಮಾತನ್ನು ದೊಡ್ಡಪ್ಪನ ಎದುರು ಇನ್ನೊಂದು ಸಲ ಆಡಿಬಿಟ್ಟರೆ ಸಾಕು, ನಾನು ಗೆದ್ದೆ.

ಹೋದೆವು. ದೊಡ್ಡಪ್ಪ ಒಗೆದ ಪಂಚೆ ಉಟ್ಟು, ಮದುವೆಗೆ ಸುತ್ತುವ ರುಮಾಲು ಸುತ್ತಿದ್ದರು. ಕೆಂಗೇರಿ ಸ್ಟೇಷನ್ನಿನಲ್ಲಿ ಹುರಿದ ಕಡಲೆಕಾಯಿ ಕೊಂಡು ಒಂದು ಪೊಟ್ಟಣವನ್ನು ಬನೀನಿನ ಜೇಬಿಗೆ ಸೇರಿಸಿಕೊಂಡರು. ರೈಲಿನಲ್ಲಿ ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ಯಾರ ಹೊಲ ಉತ್ತಿದೆ, ಯಾರದ್ದು ಬೀಳು ಬಿದ್ದಿದೆ ಎಂದು ಹೇಳುತ್ತ ಬಂದರು. ಈಗ ವಿಜಯನಗರ ಅಂತೀವಲ್ಲ, ಆ ಕಡೆ ಕೈ ತೋರಿಸಿ, ಇಂಥ ಕೆಮ್ಮಣ್ಣು ಇಟ್ಟುಕೊಂಡು ಸೋಮಾರಿಗಳು ಇನ್ನೂ ಗೊಬ್ಬರ ಹೊಡೆದಿಲ್ಲ ಎಂದು ಬೈದರು. ಎದುರಿಗೆ ಕೂತಿದ್ದವರೊಬ್ಬರು, ಅಲ್ಲಿ ಮನೆ ಏಳ್ತವಂತೆ ಯಜಮಾನ್ರೇ ಎಂದರು. ದೊಡ್ಡಪ್ಪ ಅವರನ್ನು ಹುಚ್ಚರನ್ನು ನೋಡುವ ಹಾಗೆ ನೋಡಿದರು.

ಕಾಲೇಜಿನ ಗೇಟು ದಾಟಿದ ಕೂಡಲೇ ಗಡಿಯಾರದ ಗೋಪುರ ತೋರಿಸಿದೆ. ನಾಲ್ಕು ಮುಖ, ಕಲ್ಲಿನ ಕಟ್ಟಡ, ಪಾರಿವಾಳ. ದೊಡ್ಡಪ್ಪ ಕತ್ತೆತ್ತಿ ಬಹಳ ಹೊತ್ತು ನೋಡಿದರು. ನನಗೆ ಧೈರ್ಯ ಬಂತು. ಅಷ್ಟು ಎತ್ತರದಲ್ಲಿ ಯಾಕಿಟ್ಟಿದ್ದಾರೆ ಎಂದು ಕೇಳಿದರು. ದೂರದಿಂದ ಬರುವವರಿಗೂ ಹೊತ್ತು ತಿಳಿಯಲಿ ಅಂತ, ಅಂದೆ.

"ಬರೋ ಮೊದ್ಲು ತಿಳೀಬೇಕು ಕಣ್ಲಾ. ಬಂದ್ಮೇಲೆ ತಿಳಿದು ಏನ್ಮಾಡೋದು?"

ಹುಲ್ಲುಹಾಸಿಗೆ ಬಂದೆವು. ಅಲ್ಲೊಬ್ಬ ಮಾಲಿ ಕತ್ತರಿಯಿಂದ ಹುಲ್ಲು ಸವರುತ್ತಿದ್ದ, ಇನ್ನೊಬ್ಬ ಬಿಂದಿಗೆಯಿಂದ ಅದಕ್ಕೇ ನೀರು ಹನಿಸುತ್ತಿದ್ದ. ದೊಡ್ಡಪ್ಪ ಇಬ್ಬರನ್ನೂ ನೋಡಿದರು. ಎಷ್ಟು ಎಮ್ಮೆ ಕಟ್ಟಿದ್ದೀರಿ ಎಂದು ಮಾಲಿಯನ್ನು ಕೇಳಿದರು. ಎಮ್ಮೆ ಇಲ್ಲ ಎಂದ ಅವನು. ಹಸು? ಅದೂ ಇಲ್ಲ. ಕೊನೆಗೆ ಒಂದು ಕುರಿಯನ್ನಾದರೂ ಒಪ್ಪಿಕೊಳ್ಳಲಿ ಎಂಬಂತೆ ಸ್ವಲ್ಪ ಹೊತ್ತು ಕಾದು ನಿಂತರು. ಬೆಳೆಸುವುದು, ಕತ್ತರಿಸುವುದು, ಬಿಸಾಡುವುದು. ಇದನ್ನು ಓದಿದವರು ಮಾಡಿಸುತ್ತಾರೆಯೇ ಎಂದು ನನ್ನನ್ನು ಕೇಳಿದರು. ನಾನು ಅವರನ್ನು ಬೇಗಬೇಗ ತೋಟದ ಕಡೆ ಹೊರಡಿಸಿದೆ.

ತೋಟದಲ್ಲಿ ಇನ್ನೂ ಕೆಟ್ಟಿತು. ಅಲ್ಲಿ ಮರಮರಕ್ಕೂ ತಗಡಿನ ಹಲಗೆ ಹೊಡೆದು ಲ್ಯಾಟಿನ್ ಹೆಸರು ಬರೆದಿದ್ದರು. ಒಂದರ ಮುಂದೆ ನಿಂತು ಓದು ಅಂದರು. ನಾನು ನಾಲಗೆ ಹೊರಳಿಸಿ ಓದಿದೆ. ಹಂಗಂದ್ರೆ? ಹೊಂಗೆ ಮರ ದೊಡ್ಡಪ್ಪ. ಅವರು ಹೊಂಗೆಯನ್ನೂ ಹಲಗೆಯನ್ನೂ ನನ್ನನ್ನೂ ಸರದಿಯ ಮೇಲೆ ನೋಡಿದರು. ನಮ್ಮ ಹಿತ್ತಲಲ್ಲಿ ಇದೇ ಮರದ ನೆರಳಲ್ಲಿ ಹುಟ್ಟಿ ಬೆಳೆದವನು ನೀನು, ಅದು ಹೊಂಗೆ ಅಂತ ತಿಳಿಯಲು ಇಲ್ಲಿಯವರೆಗೆ ರೈಲಿನಲ್ಲಿ ಬರಬೇಕೇ ಎಂಬುದು ಅವರ ಪ್ರಶ್ನೆ. ಅವರು ಕೇಳಲಿಲ್ಲ. ಮುಖದಲ್ಲಿ ಬರೆದಿತ್ತು.

ಲೈಬ್ರರಿಯಲ್ಲಿ ಮಾತ್ರ ಚಪ್ಪಲಿ ಹೊರಗೆ ಬಿಟ್ಟು, ಕೈ ಕಟ್ಟಿಕೊಂಡು ಒಳಗೆ ಬಂದರು. ನೆಲದಿಂದ ಸೂರಿನ ತನಕ ಪುಸ್ತಕ. ಇದರಲ್ಲಿ ನಿನ್ನದು ಎಷ್ಟಾಗಿದೆ ಎಂದು ಪಿಸುಗುಟ್ಟಿದರು. ನಾನು ಒಂದು ಬೀರುವಿನ ಅರ್ಧ ಹಲಗೆಯಷ್ಟು ತೋರಿಸಿದೆ. ಅದೂ ಸ್ವಲ್ಪ ಸೇರಿಸಿಯೇ ಹೇಳಿದ್ದು. ಎರಡು ವರ್ಷಕ್ಕೆ ಇಷ್ಟೇ ಉತ್ತಿರುವುದಾದರೆ ಮಿಕ್ಕಿದ್ದನ್ನು ಮುಗಿಸಲು ನಿನ್ನ ಮೊಮ್ಮಗನ ಕಾಲವೂ ಸಾಲದು ಎಂದು ಲೆಕ್ಕ ಹಾಕಿ ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡರು. ಈ ಬಿತ್ತನೆಗೆ ನೇಗಿಲು ಖಂಡಿತ ಎಂದುಕೊಂಡೆ. ಉಳಿದದ್ದು ಮ್ಯೂಸಿಯಂ ಒಂದೇ.

ಆ ಉದ್ದ ಕೋಣೆಯಲ್ಲಿ ಮುರಿದ ಮೂಗಿನ ಕಲ್ಲಿನ ಮೂರ್ತಿಗಳು, ಹಸಿರುಗಟ್ಟಿದ ಕಾಸುಗಳು, ಹಳೆಯ ಕತ್ತಿಗಳು ಇದ್ದವು. ಗೋಡೆಯ ಪಕ್ಕ ಗಾಜಿನ ಬೀರುಗಳು. ಬಾಗಿಲಲ್ಲಿ ಸ್ಟೂಲಿನ ಮೇಲೆ ಜವಾನ. ದೊಡ್ಡಪ್ಪ ಮೂರ್ತಿಗಳಿಗೆ ಕೈ ಮುಗಿದು, ಕತ್ತಿಗಳ ತುಕ್ಕು ನೋಡಿ ತುಟಿ ಕೊಂಕಿಸಿ ಮುಂದೆ ಬಂದರು. ನಾನು ಅವರನ್ನು ವಾದ್ಯಗಳ ಬೀರುವಿನ ಮುಂದೆ ತಂದು ನಿಲ್ಲಿಸಿದೆ. ತಮಟೆ, ಏಕತಾರಿ, ಕೊಂಬು. ನಡುವೆ, ದಾರದಲ್ಲಿ ನೇತುಹಾಕಿದ್ದ ನನ್ನ ಪ್ರಬಂಧದ ನಾಯಕ: ತೋಳುದ್ದದ ಬಿದಿರಿನ ಕೊಳವೆ, ಮೇಲ್ತುದಿ ಚೂಪು, ಕೆಳತುದಿಯಲ್ಲಿ ಅಗಲ ಬಾಯಿಯ ಮರದ ಬಟ್ಟಲು. ಥೇಟ್ ಓಲಗದವರ ವಾದ್ಯದ ಹಾಗೆ. ಅದರ ಕೆಳಗೆ ಚೀಟಿ.

ದೊಡ್ಡಪ್ಪ ಗಾಜಿಗೆ ಮೂಗು ತಾಗಿಸಿ ನೋಡಿದರು. ಚೀಟಿಯಲ್ಲಿ ಏನು ಬರೆದಿದೆ ಎಂದು ಕೇಳಿದರು.

"ಊದುವ ವಾದ್ಯ, ಗ್ರಾಮೀಣ, ಅಂತ," ಎಂದು ಓದಿದೆ. ದನಿಯಲ್ಲಿ ಹೆಮ್ಮೆ ಇತ್ತು, ಒಪ್ಪಿಕೊಳ್ಳುತ್ತೇನೆ.

ಅವರು ಕತ್ತನ್ನು ಎಡಕ್ಕೆ ವಾಲಿಸಿ ನೋಡಿದರು, ಬಲಕ್ಕೆ ವಾಲಿಸಿ ನೋಡಿದರು. ಆಮೇಲೆ ಸೊಂಟ ಬಗ್ಗಿಸಿ, ರುಮಾಲು ಬೀಳದಂತೆ ಕೈಯಲ್ಲಿ ಹಿಡಿದು, ತಲೆಯನ್ನು ಆದಷ್ಟೂ ಕೆಳಗೆ ಮಾಡಿ ನೋಡಿದರು. ಜವಾನ ಸ್ಟೂಲಿನಿಂದ ಎದ್ದ.

ಅಷ್ಟರಲ್ಲಿ ಇತಿಹಾಸದ ಮೇಷ್ಟ್ರು ಬಂದರು. ಮುಚ್ಚು ಕೋಟು, ಜರಿ ಪೇಟ, ಬಹಳ ಮೆತ್ತನೆಯ ಮನುಷ್ಯರು. ನಾನು ದೊಡ್ಡಪ್ಪನ ಪರಿಚಯ ಹೇಳಿದೆ. ಮೇಷ್ಟ್ರು ಕೈ ಮುಗಿದು, ನಾನು ನಾಲ್ಕು ದಿನದಿಂದ ಹಾರೈಸುತ್ತಿದ್ದ ಮಾತನ್ನೇ ಆಡಿದರು.

"ನಿಮ್ಮ ಹುಡುಗ ಇದರ ಮೇಲೆ ಬಹಳ ಸೊಗಸಾಗಿ ಬರೆದಿದಾನೆ ಯಜಮಾನ್ರೇ."

"ಏನಂತ ಬರ್ದವ್ನೆ ಸ್ವಾಮಿ?"

"ಸಂಜೆ ಹೊತ್ತು ದನ ಮನೆಗೆ ತಿರುಗುವಾಗ, ಕೆರೆ ಏರಿ ಮೇಲೆ ಕೂತು ದನ ಕಾಯೋರು ಇದನ್ನ ಊದ್ತಾರೆ, ಅದನ್ನ ಕೇಳಿ ಊರಿನ ಹೆಂಗಸರು ದೀಪ ಹಚ್ಚುತಾರೆ ಅಂತ."

"ಯಾವೂರ ಕೆರೆ?"

"ನಿಮ್ಮೂರ ಕೆರೆಯೇ."

ದೊಡ್ಡಪ್ಪ ನನ್ನ ಕಡೆ ತಿರುಗಿದರು. ಆ ಮುಖವನ್ನು ನಾನು ಹಿಂದೆ ಒಂದೇ ಸಲ ಕಂಡಿದ್ದೆ. ಸಂತೆಯಿಂದ ತಂದ ಎತ್ತು ಮಾರನೆಯ ದಿನ ನೊಗದ ಕೆಳಗೆ ಮಲಗಿಕೊಂಡಾಗ.

"ಅದು ಸಡ್ಡೆ ಕಣ್ಲಾ," ಅಂದರು ನಿಧಾನವಾಗಿ. "ತಲೆಕೆಳಗಾಗಿ ನೇತ್ಹಾಕವ್ರೆ."

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮ ಕಡೆ ರಾಗಿ ಬಿತ್ತುವಾಗ ಎತ್ತು ಎಳೆಯುವ ಕೂರಿಗೆಯ ಹಿಂದೆ ಹಗ್ಗಕ್ಕೆ ಒಂದು ಕೊಳವೆ ಕಟ್ಟಿರುತ್ತಾರೆ. ಅದೇ ಸಡ್ಡೆ. ಚೂಪು ತುದಿ ನೆಲದಲ್ಲಿ, ಬಟ್ಟಲು ಮೇಲೆ. ಹೆಂಗಸೊಬ್ಬಳು ಅದನ್ನು ಹಿಡಿದು ಹಿಂದೆ ನಡೆಯುತ್ತ ಬಟ್ಟಲಿಗೆ ಅವರೆ ಕಾಳು ಬಿಡುತ್ತ ಹೋಗುತ್ತಾಳೆ. ರಾಗಿಯ ನಡುವೆ ಅವರೆಯ ಸಾಲು ಬೀಳುತ್ತದೆ. ನಮ್ಮ ಮನೆಯಲ್ಲೇ ಎರಡಿದ್ದವು, ಅಟ್ಟದಲ್ಲಿ, ನನ್ನ ಹಳೇ ಪುಸ್ತಕದ ಗಂಟಿನ ಪಕ್ಕದಲ್ಲೇ. ಬಿತ್ತನೆ ದಿನ ನನ್ನನ್ನು ಯಾವಾಗಲೂ ಮುಂದೆ ಎತ್ತಿನ ಮೂಗುದಾರ ಹಿಡಿಯಲು ನಿಲ್ಲಿಸುತ್ತಿದ್ದರು, ಹಿಂದೆ ಏನು ನಡೆಯುತ್ತದೆ ಎಂದು ನೋಡಿದವನಲ್ಲ. ಇದು ಕಾರಣ ಮಾತ್ರ, ಸಮರ್ಥನೆ ಅಲ್ಲ. ಚೀಟಿಯಲ್ಲಿ ಅಚ್ಚಾಗಿದ್ದನ್ನು ಓದಿದೆ, ನಂಬಿದೆ, ದೀಪ ಹಚ್ಚುವ ಹೆಂಗಸರನ್ನು ನಾನೇ ಸೇರಿಸಿದೆ.

ಬೀರು ತೆಗೆಸಿ ಎಂದರು ದೊಡ್ಡಪ್ಪ. ಮುಟ್ಟಬಾರದು ಎಂದು ಬರೆದಿದೆ ಎಂದ ಜವಾನ. ನನಗೆ ಓದೋಕೆ ಬರಲ್ಲ ಬುಡಪ್ಪ ಎಂದರು ದೊಡ್ಡಪ್ಪ. ಮೇಷ್ಟ್ರು ಒಂದು ಗಳಿಗೆ ಯೋಚಿಸಿ ಜೇಬಿನಿಂದ ಬೀಗದ ಕೈ ತೆಗೆದರು.

ಆಮೇಲೆ ನಡೆದದ್ದು ಆ ಕೋಣೆಯಲ್ಲಿ ಹಿಂದೆಂದೂ ನಡೆದಿರಲಾರದು. ದೊಡ್ಡಪ್ಪ ಸಡ್ಡೆಯನ್ನು ತಿರುಗಿಸಿ ಎಡಗೈಯಲ್ಲಿ ಹಿಡಿದರು. ಪಂಚೆ ಎತ್ತಿ ಕಟ್ಟಿದರು. ಬನೀನಿನ ಜೇಬಿನಿಂದ ಕಡಲೆಕಾಯಿ ತೆಗೆದು ನನ್ನ ಕೈಗೆ ಕೊಟ್ಟು ಸುಲಿ ಎಂದರು. ಬಿ.ಎ. ವಿದ್ಯಾರ್ಥಿ ಕಡಲೆಕಾಯಿ ಸುಲಿದ, ಜವಾನನೂ ಸುಲಿದ. ಬೀಜ ಬಲಗೈಯಲ್ಲಿ ತುಂಬಿಕೊಂಡು, ಅವರೆ ಆಗಿದ್ದರೆ ಚೆನ್ನಾಗಿತ್ತು, ಇರಲಿ ಎನ್ನುತ್ತ ದೊಡ್ಡಪ್ಪ ಕತ್ತಿಗಳ ಬೀರುವಿನಿಂದ ಮೂರ್ತಿಗಳ ಕಡೆಗೆ ಹೊರಟರು. ಎತ್ತಿಲ್ಲದಿದ್ದರೂ ಎತ್ತಿನ ನಡಿಗೆ. ಹೆಬ್ಬೆರಳು ಅಲುಗಿದರೆ ಒಂದು ಕಾಳು, ಅಲುಗಿದರೆ ಒಂದು ಕಾಳು. ಕೊಳವೆಯೊಳಗೆ ಟಕ್ ಎಂದು ಇಳಿದು ನುಣುಪು ನೆಲದ ಮೇಲೆ ಕೂರುತ್ತಿತ್ತು. ಆ ತುದಿ ಮುಟ್ಟಿ, ನಿಂತು, ತಿರುಗಿ ನೋಡಿದರು.

ದಾರ ಹಿಡಿದು ಎಳೆದಂಥ ಸಾಲು. ಗೇಣಿಗೊಂದು ಬೀಜ.

ಮೇಷ್ಟ್ರು ಪೇಟ ತೆಗೆದು ಬೀರುವಿನ ಮೇಲಿಟ್ಟರು. ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತು ಆ ಸಾಲನ್ನು ಉದ್ದಕ್ಕೂ ನೋಡಿದರು. "ಛೆ," ಅಂದರು, "ನಾನೂ ಎರಡು ಮೂರು ಸಲ ಊದಿ ನೋಡಿದೆ. ಸ್ವರ ಬರಲಿಲ್ಲ. ಅಭ್ಯಾಸ ಸಾಲದು ಅಂದ್ಕೊಂಡೆ."

ದೊಡ್ಡಪ್ಪ ನಗಲಿಲ್ಲ. ಬಂದಿದ್ದರೆ ಅದೇ ಆಶ್ಚರ್ಯ ಸ್ವಾಮಿ ಎಂದರು, ಗಂಭೀರವಾಗಿಯೇ.

ಮೇಷ್ಟ್ರು ಆ ಚೀಟಿಯನ್ನು ನಮ್ಮೆದುರಿಗೇ ಹರಿದರು. ಜೇಬಿನಿಂದ ಪುಸ್ತಕ ತೆಗೆದು, ಕೂತಲ್ಲೇ ಕೇಳಿ ಕೇಳಿ ಬರೆದುಕೊಂಡರು. ಬಿದಿರು ಯಾವುದು, ಬಟ್ಟಲು ಯಾವ ಮರದ್ದು, ಹಗ್ಗ ಎಲ್ಲಿ ಕಟ್ಟುವುದು. ಮಿಕ್ಕ ಸಾಮಾನುಗಳನ್ನೂ ಒಂದು ಸಲ ನೋಡಿ ಹೇಳುತ್ತೀರಾ ಎಂದು ಕೇಳಿದರು. ದೊಡ್ಡಪ್ಪ ನೋಡಿದರು. ಹಣ್ಣಿಡುವ ಬುಟ್ಟಿ ಎಂದು ಬರೆದಿದ್ದ ಹಗ್ಗದ ಬಲೆಯೊಂದು, ಬೆಳೆಗೆ ಬಾಯಿ ಹಾಕದಂತೆ ಎತ್ತಿನ ಮೂತಿಗೆ ಕಟ್ಟುವ ಕುಕ್ಕೆಯಾಗಿತ್ತು. ಅದನ್ನು ಅವರು ಬಾಯಲ್ಲಿ ಹೇಳಲಿಲ್ಲ, ನನ್ನ ಮೂತಿಗೆ ಹಿಡಿದು ತೋರಿಸಿದರು. ಜವಾನ ಆಗ ನಕ್ಕ ನಗು ನನಗೆ ಇನ್ನೂ ಕೇಳಿಸುತ್ತದೆ. ಹೊರಡುವಾಗ ನೆಲದ ಮೇಲಿನ ಬೀಜ ಆಯ್ದು ಮೂವರೂ ಹಂಚಿಕೊಂಡು ತಿಂದರು. ನನಗೆ ಯಾರೂ ಕೊಡಲಿಲ್ಲ.

ವಾಪಸು ರೈಲಿನಲ್ಲಿ ದೊಡ್ಡಪ್ಪ ಹೊಲಗಳನ್ನೂ ಬೈಯಲಿಲ್ಲ. ನಾನು ಬುತ್ತಿ ಬಿಚ್ಚಿ ರೊಟ್ಟಿ ಕೊಟ್ಟೆ, ತಿಂದರು. ನನ್ನ ಪಾಲಿನ ರೊಟ್ಟಿ, ಹುಚ್ಚೆಳ್ಳು ಚಟ್ನಿ ಹಾಗೇ ಮತ್ತೆ ಕಟ್ಟಿಟ್ಟೆ. ಕಾಲೇಜು ತೋರಿಸಲು ಹೋಗಿ, ಅಲ್ಲಿ ಎರಡು ವರ್ಷ ಕೂತವನಿಗೆ ತನ್ನ ಮನೆಯ ಸಡ್ಡೆಯೂ ಮರೆತುಹೋಗುತ್ತದೆ ಎಂದು ನಾನೇ ಸಾಕ್ಷಿ ಸಮೇತ ತೋರಿಸಿಕೊಟ್ಟಿದ್ದೆ. ಇನ್ನು ಯಾವ ಬಾಯಲ್ಲಿ ಕೇಳುವುದು?

ಕೆಂಗೇರಿಯಲ್ಲಿ ಇಳಿದು ನಡೆದೆವು. ನಮ್ಮ ಕೆರೆ ಕಾಣುವ ದಿಬ್ಬದ ಮೇಲೆ ಒಂದು ಹೊಂಗೆ ಮರ ಇತ್ತು, ಹಲಗೆ ಇಲ್ಲದ್ದು. ಅದರ ಕೆಳಗೆ ಕೂತರು. ಕೆರೆಯ ಏರಿ ಮೇಲೆ ದನಗಳು ಮನೆಗೆ ತಿರುಗಿದ್ದವು. ದೊಡ್ಡಪ್ಪ ಕೈಯನ್ನು ಕಿವಿಗೆ ಇಟ್ಟುಕೊಂಡು ಏನೋ ಆಲಿಸಿದರು.

"ಯಾರೂ ಊದ್ತಾ ಇಲ್ವಲ್ಲೋ," ಅಂದರು.

ನಾನು ತಲೆ ತಗ್ಗಿಸಿದೆ.

"ಆ ಮೇಷ್ಟ್ರನ್ನ ನೋಡಿದ್ಯಾ? ಅಷ್ಟು ದೊಡ್ಡೋರು, ಪೇಟ ತೆಗ್ದಿಟ್ಟು ನನ್ನ ಕಾಲ ಹತ್ರ ಕೂತ್ರು. ತಪ್ಪಾಯ್ತು ಅಂತ ಚೀಟಿ ಹರುದ್ರು. ನಮ್ಮೂರಲ್ಲಿ ತಪ್ಪು ಅಂತ ಒಪ್ಕೊಂಡೋನ್ನ ಒಬ್ಬನ್ನ ತೋರ್ಸು, ನಾನೇ ಇನ್ನೂ ಒಪ್ಕೊಂಡಿಲ್ಲ." ಚಪ್ಪಲಿಯ ಮಣ್ಣು ಕೊಡವಿದರು. "ಜಾಗ ಚೆನ್ನಾಗೈತೆ. ಅಲ್ಲಿ ಓದೋದ್ರಲ್ಲಿ ತಪ್ಪಿಲ್ಲ. ತಪ್ಪು ನಿಂದು. ಹೋಗು, ಮುಗಿಸ್ಕೊಂಡು ಬಾ."

ನಾನು ಕಾಲು ಮುಟ್ಟಲು ಬಗ್ಗಿದೆ. ತಡಿ, ಇನ್ನೂ ಮುಗಿದಿಲ್ಲ ಎಂದು ಕಾಲು ಹಿಂದಕ್ಕೆ ಎಳೆದುಕೊಂಡರು.

"ಈ ಬಿತ್ತನೆಗೆ ಸಡ್ಡೆ ನೀನೇ ಹಿಡೀಬೇಕು. ಹೆಂಗಸರ ಜೊತೆ. ಪೂರಾ ಹೊಲ."

ಹಿಡಿದೆ. ಮಳೆ ಬಿದ್ದು ಹದವಾದ ದಿನ ಕಾಲೇಜಿಗೆ ರಜಾ ಚೀಟಿ ಬರೆದೆ. ಕಾರಣ ಎಂಬಲ್ಲಿ ಪ್ರಬಂಧ ತಿದ್ದುವುದು ಎಂದು ಬರೆದೆ, ಮೇಷ್ಟ್ರು ಏನೂ ಕೇಳದೆ ಸಹಿ ಹಾಕಿದರು. ಸುದ್ದಿ ಅಷ್ಟರಲ್ಲಿ ಊರೆಲ್ಲ ಹಬ್ಬಿತ್ತು. ಅಕ್ಕಪಕ್ಕದ ಹೊಲದ ಹೆಂಗಸರು ತಮ್ಮ ಕೆಲಸ ಬಿಟ್ಟು ಬದುವಿನ ಮೇಲೆ ಸಾಲಾಗಿ ನಿಂತಿದ್ದರು. ದೊಡ್ಡಪ್ಪ ಕೂರಿಗೆ ಹಿಡಿದರು, ಅಪ್ಪ ಎತ್ತಿನ ಮುಂದೆ, ನಾನು ಹಗ್ಗದ ಕೊನೆಯಲ್ಲಿ. ದೊಡ್ಡಮ್ಮ ಮಡಿಲಿನಿಂದ ಅವರೆ ಕಾಳು ತೆಗೆದು ನನ್ನ ಕೈಗೆ ತುಂಬಿದರು.

"ಬಿತ್ತೋಕ್ಮುಂಚೆ ಒಂದು ಸಲ ಊದ್ಬುಡಪ್ಪ," ಅಂದರು. "ದೀಪ ಹಚ್ಚೋಕೆ ನಾವು ರೆಡಿ ಇದ್ದೀವಿ."

ಅಪ್ಪ ನಗು ತಡೆಯಲಾಗದೆ ಎತ್ತಿನ ಮೂಗುದಾರ ಬಿಟ್ಟುಬಿಟ್ಟ. ದೊಡ್ಡಪ್ಪನ ಎದುರು ಅಪ್ಪ ಹಾಗೆ ನಕ್ಕದ್ದನ್ನು ಅಂದೇ ಕಂಡೆ.

ಮಾರನೆಯ ವರ್ಷ ನಾನು ಬಿ.ಎ. ಪಾಸಾದೆ. ನಮ್ಮ ಮನೆತನದಲ್ಲಿ ಮೊದಲನೆಯವನು, ನಮ್ಮೂರಲ್ಲೂ ಮೊದಲನೆಯವನು. ಇದನ್ನು ಹೇಳಲು ನನಗೆ ನಾಚಿಕೆ ಇಲ್ಲ, ನಡೆದು ನಡೆದು ಗಳಿಸಿದ್ದು. ಮ್ಯೂಸಿಯಮ್ಮಿನ ಹೊಸ ಚೀಟಿಯನ್ನು ಮೇಷ್ಟ್ರು ನನ್ನ ಕೈಯಲ್ಲೇ ಬರೆಸಿದರು. ಸಡ್ಡೆ ಈಗ ಬಟ್ಟಲು ಮೇಲಾಗಿ ನಿಂತಿತ್ತು.

ಆದರೆ ಊರಿನವರು ನನ್ನ ಓದನ್ನು ಅಳೆದದ್ದು ಅದರಿಂದಲ್ಲ. ಬಿತ್ತಿದ ಹತ್ತನೆಯ ದಿನಕ್ಕೆ ಅವರೆ ಮೊಳೆತು ಮೇಲೆ ಬಂತು. ಒಂದು ಕಡೆ ಏಳೆಂಟು ಸಸಿ ಗುಂಪಾಗಿ ಜಾತ್ರೆಗೆ ನಿಂತಂತೆ, ಆಮೇಲೆ ಎರಡು ಮಾರು ಬಯಲು, ಆಮೇಲೆ ಮತ್ತೆ ಗುಂಪು, ನಡುವೆ ಒಂದು ಸಸಿ ಸಾಲು ಬಿಟ್ಟು ಪಕ್ಕದ ಹೊಲದ ಕಡೆ ಹೊರಟಂತೆ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಪರ ಊರಿನಿಂದ ಯಾರೇ ನಂಟರು ಬರಲಿ, ದೊಡ್ಡಪ್ಪ ಅವರಿಗೆ ಕಾಲು ತೊಳೆಯಲು ನೀರು ಕೊಟ್ಟು, ಮಜ್ಜಿಗೆ ಕುಡಿಸಿ, ಮೊದಲು ಆ ಹೊಲಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಬದುವಿನ ಮೇಲೆ ನಿಂತು ಕೋಲಿನಿಂದ ತೋರಿಸುತ್ತಿದ್ದರು.

"ಇದು ನಮ್ಮ ಬಿ.ಎ. ಸಾಲು."